ಮೊಲದ ನಾಯಿಯ ಪಂಡಿತರು

ನಾಯಿ ಎದುರಿಗೆ ಬಂದರೆ ಕೆಲವರು ಓಡುತ್ತಾರೆ, ಕೆಲವರು ಕಲ್ಲು ಹುಡುಕುತ್ತಾರೆ. ಹರಿಹರ ಎರಡನ್ನೂ ಮಾಡುವವನಲ್ಲ. ಅವನು ನಿಂತುಬಿಡುತ್ತಾನೆ. ಎಡಗಾಲು ಮುಂದಿದ್ದರೆ ಮುಂದೆಯೇ, ಬಲಗೈ ಮೇಲಿದ್ದರೆ ಮೇಲೆಯೇ, ಬಾಯಿ ಅರ್ಧ ತೆರೆದಿದ್ದರೆ ಅರ್ಧವೇ. ನಾಯಿಗೇ ಬೇಸರ ಬಂದು ಹೊರಟುಹೋಗುವ ತನಕ ಹಾಗೇ. ಇದು ವಂಶದಲ್ಲೇ ಬಂದದ್ದು. ಅವನ ಅಜ್ಜ ನಂಜನಗೂಡಿನಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವರು. ಮೂರು ಬೀದಿಯಲ್ಲಿ ಮೂರು ನಾಯಿಯಿಂದ ಕಚ್ಚಿಸಿಕೊಂಡು, ಪ್ರತಿ ಸಲವೂ ಹೊಟ್ಟೆಯ ಮೇಲೆ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡವರು. ಹರಿಹರನಿಗೆ ಏಳು ವರ್ಷವಾದಾಗ ಅವನ ಪಾಳಿಯೂ ಬಂತು. ಆ ಮನೆಯಲ್ಲಿ ನಾಯಿ ಎಂಬ ಮಾತನ್ನೇ ಆಡುತ್ತಿರಲಿಲ್ಲ, "ಅದು" ಎನ್ನುತ್ತಿದ್ದರು.

ಇಂಥ ಹರಿಹರ ಜಪಾನಿನ ನೋಮಿ ಎಂಬ ಊರಿನಲ್ಲಿ ಬೇಟೆನಾಯಿಗಳ ಮಹಾ ಪಂಡಿತ ಎಂದು ಹೇಗೆ ಹೆಸರಾದ ಎಂಬುದನ್ನು ನಿಧಾನವಾಗಿ ಹೇಳಬೇಕು. ಅವಸರದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನೋಮಿಗೆ ಬಂದದ್ದು ಅವನಲ್ಲ, ಅವನ ಹೆಂಡತಿ ಶ್ರೀವಿದ್ಯಾ. ಅಲ್ಲಿನ ಗುಡ್ಡದ ಮೇಲಿನ ವಿಶ್ವವಿದ್ಯಾಲಯದಲ್ಲಿ ಆಕೆಗೆ ಸಂಶೋಧನೆ. ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ಲಗ್ನಪತ್ರಿಕೆಗಳ ಪ್ರೂಫ್ ನೋಡುತ್ತಿದ್ದ ಹರಿಹರ, ಕೆಲಸ ಬಿಟ್ಟು ಹೆಂಡತಿಯ ಹಿಂದೆ ಬಂದ. ವರನ ಹೆಸರಿನ ಜಾಗದಲ್ಲಿ ವರನ ತಂದೆಯ ಹೆಸರು ಬಿದ್ದದ್ದನ್ನು ಕೊನೇ ಗಳಿಗೆಯಲ್ಲಿ ಹಿಡಿದು ಒಂದು ಮದುವೆಯನ್ನು ಉಳಿಸಿದವನು ತಾನು ಎಂದು ಅವನಿಗೆ ಒಳಗೊಳಗೇ ಒಂದು ಹೆಮ್ಮೆ. ನೋಮಿಯಲ್ಲಿ ಅದನ್ನು ಕೇಳುವವರು ಇರಲಿಲ್ಲ. ಅಲ್ಲಿ ಅವನು ಬರೀ "ಶ್ರೀವಿದ್ಯಾ ಸಾನ್ ಅವರ ಯಜಮಾನರು". ಸಾನ್ ಎಂಬುದು ಅಲ್ಲಿ ಹೆಸರಿನ ಮುಂದೆ ಹಚ್ಚುವ ಗೌರವ.

ಮೊದಲು ವಿದ್ಯಾರ್ಥಿಗಳ ವಸತಿಯಲ್ಲಿ ಇದ್ದರು. ಒಂದು ಕೋಣೆ, ಹಂಚಿಕೊಳ್ಳುವ ಅಡುಗೆಮನೆ, ನೆತ್ತಿಯ ಮೇಲೆ ಹೊಗೆ ಹಿಡಿಯುವ ಯಂತ್ರ. ಸಾಸಿವೆ ಸಿಡಿದ ಮೊದಲ ದಿನ ಯಂತ್ರ ಕೂಗಿತು. ಎರಡನೇ ಸಲ ಅಗ್ನಿಶಾಮಕದವರೇ ಬಂದು ತೊವ್ವೆಯ ಪಾತ್ರೆಯನ್ನು ಸುತ್ತುವರಿದು ನಿಂತರು. ಮೂರನೇ ಸಲ ಕೋಣೆ ಖಾಲಿ ಮಾಡಿ ಎಂದು ಕಾಗದ ಬಂತು. ಆಗ ಹುಡುಕಾಡಿ ಸಿಕ್ಕಿದ್ದು ಊರಂಚಿನ ಈ ಹಳೆಯ ಮರದ ಮನೆ. ಮನೆಯೊಡೆಯರು ಇರುವುದು ಕನಜಾವಾ ನಗರದಲ್ಲಿ. ಅವರು ಒಂದು ಷರತ್ತು ಹಾಕಿದರು: "ಆರು ತಿಂಗಳು ಇದ್ದು ನೋಡಿ. ಕೇರಿಯ ಸಂಘದ ಅಧ್ಯಕ್ಷರು ‘ಇವರು ಆಗಬಹುದು’ ಎಂದರೆ ಎರಡು ವರ್ಷಕ್ಕೆ ಬರೆದುಕೊಡುತ್ತೇನೆ. ಆಗದು ಎಂದರೆ ಖಾಲಿ ಮಾಡಬೇಕು."

ಶ್ರೀವಿದ್ಯಾಳ ಸಂಶೋಧನೆ ಮುಗಿಯಲು ಸರಿಯಾಗಿ ಎರಡು ವರ್ಷ ಉಳಿದಿತ್ತು. ಒಗ್ಗರಣೆಯಿಲ್ಲದೆ ಎರಡು ವರ್ಷ ಬದುಕಲು ಅವಳು ಸಿದ್ಧಳಿದ್ದಳೋ ಏನೋ, ಹರಿಹರ ಸಿದ್ಧನಿರಲಿಲ್ಲ.

ಜನವರಿಯ ಕೊನೆಯ ಮಂಗಳವಾರ. ಮೊಣಕಾಲುದ್ದ ಹಿಮ. ಮಂಗಳವಾರ, ಶುಕ್ರವಾರ ಅಲ್ಲಿ ಸುಡಬಹುದಾದ ಕಸವನ್ನು ಹೊರಗಿಡುವ ದಿನ. ಹೆಂಡತಿ ಬಸ್ಸಿಗೆ ಹೊರಟ ಮೇಲೆ, ಏಳೂವರೆಗೆ ಹರಿಹರ ಚೀಲ ಹಿಡಿದು ಕೇರಿಯ ತುದಿಗೆ ಹೋದ. ಕಾಗೆ ಕೆದಕಬಾರದೆಂದು ಹೊದಿಸಿದ್ದ ಬಲೆಯನ್ನು ಎತ್ತಿ ಬಗ್ಗಿದ. ಕುತ್ತಿಗೆಗೆ ಬಿಸಿಯುಸಿರು ತಾಕಿತು. ತಿರುಗಿದ.

"ಅದು" ನಿಂತಿತ್ತು. ಬಗ್ಗಿದ ಮನುಷ್ಯನ ಮುಖಕ್ಕೆ ಸರಿಯಾಗಿ ಮುಖ ಬರುವಷ್ಟು ಎತ್ತರ. ಕಾವಿ ಬಣ್ಣದ ಮೈ, ಬೆತ್ತದಂಥ ಕಾಲು, ಜೇನಿನ ಬಣ್ಣದ ಕಣ್ಣು, ತಲೆಯ ಮೇಲೆ ಎರಡು ಮುತ್ತುಗದ ಎಲೆ ನೆಟ್ಟ ಹಾಗೆ ಕಿವಿ. ಚಳಿಗೆಂದು ಕೆಂಪು ಸ್ವೆಟರ್ ಹಾಕಿಕೊಂಡಿತ್ತು. ಹರಿಹರ ನಿಂತುಬಿಟ್ಟ. ಬಲೆ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

ಸರಪಳಿಯ ಇನ್ನೊಂದು ತುದಿಯಲ್ಲಿ ಇದ್ದವರು ಕಿತಾಮುರಾ ಸಾನ್, ಎಪ್ಪತ್ತಾರು ವರ್ಷದ ವಿಧವೆ. ಅವರ ನಾಯಿಯನ್ನು ಕಂಡವರಲ್ಲಿ ಕೆಲವರು ಕಿರುಚುತ್ತಿದ್ದರು, ಕೆಲವರು ತಲೆ ಸವರಲು ಕೈ ಚಾಚುತ್ತಿದ್ದರು. ಈ ಮನುಷ್ಯ ಕಣ್ಣಲ್ಲಿ ಕಣ್ಣಿಡಲಿಲ್ಲ, ಕೈ ಚಾಚಲಿಲ್ಲ, ಉಸಿರು ಕೂಡ ಬಿಡಲಿಲ್ಲ. ಬೇಟೆನಾಯಿ ಬಲ್ಲವರು ಹೀಗೆಯೇ ನಿಲ್ಲುತ್ತಾರೆ ಎಂದು ತೀರಿಹೋದ ಯಜಮಾನರು ಹೇಳುತ್ತಿದ್ದುದು ಅವರಿಗೆ ನೆನಪಾಯಿತು. ಅಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಆ ಜಾತಿಯ ನಾಯಿಗೆ ಸಂತೋಷವಾದರೆ ಮೂಗು, ಕಿವಿ ಗುಲಾಬಿಯಾಗುತ್ತವೆ, ಹೊಸ ಮದುಮಗಳ ಕೆನ್ನೆಯ ಹಾಗೆ. ಇಂಗಿನ ವಾಸನೆಗೋ ಏನೋ, ಹರಿಹರನನ್ನು ಮೂಸಿದ ನಾಯಿ ಮೂಗಿನಿಂದ ಕಿವಿಯವರೆಗೆ ಕೆಂಪಾಯಿತು.

"ಅಯ್ಯೋ! ಮೋಮೋ ನಾಚಿದಳು!" ಕಿತಾಮುರಾ ಸಾನ್ ಬಾಯಿಗೆ ಕೈ ಇಟ್ಟುಕೊಂಡರು. "ನಮ್ಮ ಯಜಮಾನರು ಹೋದ ಮೇಲೆ ಇವಳು ಯಾರನ್ನು ನೋಡಿಯೂ ನಾಚಿರಲಿಲ್ಲ. ನೀವು ನಾಯಿಗಳನ್ನು ಬಲ್ಲವರೇ?"

ಹರಿಹರನಿಗೆ ಆಗ ಜಪಾನಿ ಭಾಷೆಯಲ್ಲಿ ಸುಮಾರು ನಲವತ್ತು ಮಾತು ಬರುತ್ತಿದ್ದವು. "ಹೆದರಿಕೆ" ಎಂಬುದು ಅದರಲ್ಲಿ ಒಂದು. ಅದನ್ನು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಊರಿಗೆ ಬಂದಮೇಲೆ ಯಾರೂ ಅವನನ್ನು ಹೀಗೆ ಮೆಚ್ಚುಗೆಯಿಂದ ನೋಡಿರಲಿಲ್ಲ.

"ಹಾಯ್," ಎಂದ. ಅಲ್ಲಿ ಹೌದು ಎನ್ನುವುದು ಹಾಗೆ. "ಇಂಡಿಯಾ. ಅಜ್ಜನ ಮನೆ. ಮೊಲ ಹಿಡಿಯುವ ನಾಯಿ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹಿಂದಿನ ದಿನ ತಾನೇ ಭಾಷೆಯ ತರಗತಿಯಲ್ಲಿ ಎಣಿಕೆ ಕಲಿಸಿದ್ದರು.

"ಹನ್ನೆರಡು," ಎಂದ.

ಶುಕ್ರವಾರದ ಹೊತ್ತಿಗೆ ಕೇರಿಯ ಇಪ್ಪತ್ತೆರಡು ಮನೆಗೂ ವಿಷಯ ಮುಟ್ಟಿತು. ಸಂಘದ ಅಧ್ಯಕ್ಷರಾದ ಯಾಮಾಗಿಶಿ ಸಾನ್, ಎದೆಯ ಜೇಬಿನಲ್ಲಿ ಸದಾ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡಿರುವ ಗಂಭೀರ ಮನುಷ್ಯ, ಬಾಗಿಲಿಗೆ ಬಂದು ತೊಡೆಗಾತ್ರದ ಮೂಲಂಗಿ ಕೊಟ್ಟು ಸೊಂಟ ಬಗ್ಗಿಸಿದರು. "ಹರಿಹರ ಸೆನ್ಸೇ," ಎಂದರು. ಸೆನ್ಸೇ ಎಂದರೆ ಗುರುಗಳು. ಹದಿನೆಂಟು ವರ್ಷ ಪ್ರೆಸ್ಸಿನಲ್ಲಿ "ಏಯ್ ಹರಿ" ಎನಿಸಿಕೊಂಡವನ ಬೆನ್ನುಮೂಳೆ ತಾನಾಗಿಯೇ ನೆಟ್ಟಗಾಯಿತು.

ಸಂಜೆ ಶ್ರೀವಿದ್ಯಾ ಬೂಟು ಬಿಚ್ಚುತ್ತಲೇ ಶುರುಮಾಡಿದಳು.

"ರೀ, ಬಸ್‌ಸ್ಟಾಪಲ್ಲಿ ಯಾಮಾಗಿಶಿ ಸಾನ್ ನನ್ನನ್ನ ನಿಲ್ಲಿಸ್ಕೊಂಡು, ನಿಮ್ಮ ಯಜಮಾನ್ರು ಅಷ್ಟ್ ದೊಡ್ಡ ಮನುಷ್ಯರು ಅಂತ ನಮಗೆ ಗೊತ್ತೇ ಇರ್ಲಿಲ್ಲ ಅಂದ್ರು. ನನಗೂ ಗೊತ್ತಿರ್ಲಿಲ್ಲ. ಏನ್ ಮಾಡಿದ್ರಿ?"

ಹರಿಹರ ಹೇಳಿದ. ಅವಳು ಮೂಲಂಗಿಯನ್ನೂ ಗಂಡನನ್ನೂ ಒಂದೊಂದು ಸಲ ನೋಡಿದಳು.

"ಹನ್ನೆರಡಾ? ಮುನಿಸಿಪಾಲ್ಟಿ ನಾಯಿ ಹಿಡಿಯೋ ವ್ಯಾನ್ ಬಂದ್ರೂ ನೀವು ಮಹಡಿ ಹತ್ತೋರು! ನಾಳೆನೇ ಹೋಗಿ ಸಾರಿ ಕೇಳ್ಬಿಡಿ."

"ಆರ್ ತಿಂಗ್ಳು ಕಳೀಲಿ ವಿದ್ಯಾ. ಈಗ ಸುಳ್ಳು ಅಂತ ಗೊತ್ತಾದ್ರೆ ಮನೆ ಕೈಬಿಟ್ಟುಹೋಗತ್ತೆ."

"ಆಮೇಲೆ ಗೊತ್ತಾದ್ರೆ?"

"ಆಮೇಲೆ ಎರಡ್ ವರ್ಷಕ್ಕೆ ಬರ್ಕೊಟ್ಟಿರ್ತಾರಲ್ಲ."

ಇಷ್ಟು ತರ್ಕಬದ್ಧವಾಗಿ ಯೋಚಿಸುವ ಮನುಷ್ಯ ಪ್ರೂಫ್ ನೋಡುತ್ತ ಹದಿನೆಂಟು ವರ್ಷ ಕಳೆದದ್ದು ಲೋಕಕ್ಕೆ ನಷ್ಟವೇ ಸರಿ.

ಅಲ್ಲಿಂದ ಮುಂದೆ ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ, ಕಸದ ಬಲೆಯ ಪಕ್ಕದಲ್ಲಿ ಅರ್ಧ ಗಂಟೆ. ಮೋಮೋ ಹರಿಹರನ ಪಾದದ ಮೇಲೆ ಕೂರುತ್ತಿತ್ತು. ಹರಿಹರ ಕಂಬದಂತೆ ನಿಲ್ಲುತ್ತಿದ್ದ. ಕಿತಾಮುರಾ ಸಾನ್ ಮಾತಾಡುತ್ತಿದ್ದರು. ಇದು ಫೇರೋ ಎಂಬ ಈಜಿಪ್ಟಿನ ಅರಸರ ಕಾಲದ ನಾಯಿಯಂತೆ, ಯಜಮಾನರು ಎರಡು ವರ್ಷ ಕಾದು ತರಿಸಿದ್ದಂತೆ, ಇದು ಮೊಲವನ್ನು ಕಣ್ಣಲ್ಲೂ ಹಿಡಿಯುತ್ತದಂತೆ ಮೂಗಲ್ಲೂ ಹಿಡಿಯುತ್ತದಂತೆ, ಕಿವಿಯಲ್ಲಿ ಮಣ್ಣಿನೊಳಗಿನ ಸದ್ದೂ ಕೇಳುತ್ತದಂತೆ, ಹೋದ ಯಜಮಾನರಿಗೆ ಹಲಸಂದೆ ಹಾಕಿದ ಅನ್ನ ಇಷ್ಟವಿತ್ತಂತೆ, ಆಸ್ಪತ್ರೆಯಲ್ಲಿ ಕೊನೆಗೆ ಅದನ್ನೇ ಕೇಳಿದರಂತೆ. ಮೊದಮೊದಲು ಹರಿಹರನಿಗೆ ನಾಲ್ಕರಲ್ಲಿ ಒಂದು ಮಾತು ತಿಳಿಯುತ್ತಿತ್ತು. ಮೇ ತಿಂಗಳ ಹೊತ್ತಿಗೆ ಎರಡರಲ್ಲಿ ಒಂದು. ಉಳಿದದ್ದಕ್ಕೆ "ಸೋ ದೆಸ್ ನೇ" ಎನ್ನುತ್ತಿದ್ದ. ಹೌದಲ್ಲವೇ ಎಂದರ್ಥ. ಪಾದದ ಮೇಲೆ ನಾಯಿ ಕೂತಿರುವಾಗ ಬೇರೆ ಏನನ್ನೂ ಹೇಳುವ ಧೈರ್ಯ ಅವನಿಗಿರಲಿಲ್ಲ.

ಯಾಮಾಗಿಶಿ ಸಾನ್ ಒಮ್ಮೆ ಕೇಳಿದರು, "ಸೆನ್ಸೇ, ನಿಮ್ಮ ಅಜ್ಜನವರ ಊರು ಯಾವುದು?"

ಬೇಟೆನಾಯಿಗೆ ಹೆಸರಾದ ಊರೆಂದು ಹರಿಹರ ಕೇಳಿದ್ದದ್ದು ಒಂದೇ. "ಮುಧೋಳ," ಎಂದ.

ಮರುವಾರ ಅವರು ಫೋನು ಹಿಡಿದು ಬಂದರು. "ಚಿತ್ರ ನೋಡಿದೆ. ಮುಧೋಳದ ನಾಯಿಗೆ ಕಿವಿ ಜೋತುಬಿದ್ದಿವೆ. ಮೋಮೋಗೆ ನೆಟ್ಟಗಿವೆ. ಯಾಕೆ?"

"ಅಲ್ಲಿ ಬಿಸಿಲು," ಎಂದ ಹರಿಹರ. "ಬಾಡುತ್ತವೆ."

ಯಾಮಾಗಿಶಿ ಸಾನ್ ಅದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

ಆ ಕೇರಿಯಲ್ಲಿ ಒಂದು ಪದ್ಧತಿ ಇದೆ. ಸಂಘದ ಸುದ್ದಿಗಳನ್ನು ಒಂದು ರಟ್ಟಿಗೆ ಸಿಕ್ಕಿಸಿ ಮನೆಯಿಂದ ಮನೆಗೆ ಸಾಗಿಸುತ್ತಾರೆ. ಓದಿದವರು ತಮ್ಮ ಹೆಸರಿನ ಮುಂದೆ ಮುದ್ರೆ ಒತ್ತಿ ಪಕ್ಕದ ಮನೆಗೆ ದಾಟಿಸಬೇಕು. ನಮ್ಮಲ್ಲಿ ಹೆಬ್ಬೆಟ್ಟಿಗೆ ಇರುವ ಗೌರವ ಅಲ್ಲಿ ಈ ಬೆರಳುದ್ದದ ಮುದ್ರೆಗೆ. ಹರಿಹರನಿಗೂ ಒಂದು ಮಾಡಿಸಿಕೊಟ್ಟಿದ್ದರು. ಕೆಂಪು ಮಸಿಯಲ್ಲಿ ಅದನ್ನು ಅದ್ದಿ, ಹೂಂ ಎಂದು ಒತ್ತುವಾಗ ಅವನಿಗೆ ತಹಸೀಲ್ದಾರನಾದಷ್ಟು ಸುಖ. ಒಂದೇ ಒಂದು ಅಕ್ಷರ ಓದಲು ಬರುತ್ತಿರಲಿಲ್ಲ ನಿಜ. ಚರಂಡಿ ಬಳಿಯುವ ದಿನವೋ, ಹಿಮ ತೆಗೆಯುವ ಸರದಿಯೋ ಇರುತ್ತದೆ, ಹೆಂಡತಿ ಯಾರ ಬಳಿಯಾದರೂ ಕೇಳಿ ತಿಳಿಯುತ್ತಾಳೆ ಎಂದು ಸುಮ್ಮನಿರುತ್ತಿದ್ದ. ಒಂದು ಕೊಂಬು ತಪ್ಪಿದರೂ ಇಡೀ ಲಗ್ನಪತ್ರಿಕೆಯನ್ನು ವಾಪಸು ಕಳಿಸುತ್ತಿದ್ದ ಕೈ ಅದು.

ಜೂನ್ ಕೊನೆಗೆ ಬಂದ ರಟ್ಟಿನಲ್ಲಿ ಅವನ ಹೆಸರಿನ ಮುಂದೆ ಎರಡು ಚೌಕ ಇದ್ದವು. ಹರಿಹರ ಧಾರಾಳಿ. ಎರಡರಲ್ಲೂ ಒತ್ತಿದ.

ಜುಲೈ ಮೊದಲ ಶುಕ್ರವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಕನ್ನಡಕದ ತರುಣ, ಕೈಯಲ್ಲಿ ಅದೇ ರಟ್ಟು.

"ನಮಸ್ಕಾರ್ರಿ ಸರ. ನಾ ಕಿಶೋರ್ರಿ, ಇಲ್ಲೇ ಯುನಿವರ್ಸಿಟ್ಯಾಗ ಪಿಎಚ್‌ಡಿ ಮಾಡಾಕತ್ತೀನಿ. ಊರು ಲೋಕಾಪುರ, ಮುಧೋಳದ ಬಾಜೂಕ. ನೀವೂ ಮುಧೋಳದವ್ರು ಅಂತ ಅಧ್ಯಕ್ಷರು ಹೇಳಿದ್ರು, ಖುಷಿ ಆತ್ರಿ. ನಿಮ್ಮ ಅಜ್ಜಾರದು ಯಾವ ಓಣ್ರಿ?"

ಹರಿಹರ ಬಾಗಿಲು ಹಿಡಿದುಕೊಂಡ. "ಓಣಿನಾ... ಅದು... ನೀವು ಒಳಗ್ ಬನ್ನಿ, ಕಾಫಿ ಕುಡೀರಿ."

"ಕುಡಿಯೂಣ್ರಿ. ನಾಡದಾ ರವಿವಾರ ನಿಮ್ಮ ಭಾಷಣಕ್ಕ ನಾನಾ ದುಭಾಷಿ. ಏನೇನ್ ಹೇಳಾವ್ರು, ಮೊದ್ಲಾ ಹೇಳಿಬಿಡ್ರಿ."

"ಯಾವ ಭಾಷಣ?"

ಕಿಶೋರ್ ರಟ್ಟನ್ನು ತೋರಿಸಿ ಓದಿ ಹೇಳಿದ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಭವನದಲ್ಲಿ ಹರಿಹರ ಸೆನ್ಸೇ ಅವರಿಂದ ‘ಮೊಲದ ಬೇಟೆನಾಯಿ: ಅದರ ಇತಿಹಾಸ ಮತ್ತು ಗುಣಗಳು’ ಎಂಬ ಉಪನ್ಯಾಸ. ಅನಂತರ ಹಿರಿಯರ ಕೂಟದ ಕಪ್ಪು ಸೋಯಾ ಅವರೆ ಹೊಲದಲ್ಲಿ, ಚಿಗುರು ತಿನ್ನುತ್ತಿರುವ ಕಾಡುಮೊಲಗಳನ್ನು ಸೆನ್ಸೇ ಅವರು ಮೋಮೋ ಜೊತೆ ಓಡಿಸಿ ತೋರಿಸುತ್ತಾರೆ. ಮೊದಲ ಚೌಕ ಓದಿದ್ದಕ್ಕೆ. ಎರಡನೆಯದು ಒಪ್ಪಿದ್ದಕ್ಕೆ.

"ನೀವಾ ಒಪ್ಪೀರಲ್ರಿ ಸರ. ಶಿಕ್ಕಾ ನಿಮ್ದಾ ಐತಿ. ಎಷ್ಟ್ ಸ್ವಚ್ಛ ಮೂಡೈತಿ ನೋಡ್ರಿ."

ಹರಿಹರ ಚಾಪೆಯ ಮೇಲೆ ಕೂತ. ಶ್ರೀವಿದ್ಯಾ ಕಾಫಿ ತಂದವಳು ಗಂಡನ ಮುಖ ನೋಡಿ, ಎಲ್ಲವನ್ನೂ ತಾನೇ ಹೇಳಿಬಿಟ್ಟಳು: ಹನ್ನೆರಡು ನಾಯಿ, ನಂಜನಗೂಡಿನ ಪೋಸ್ಟ್‌ಮ್ಯಾನ್, ಬಾಡುವ ಕಿವಿ, ಮುಂದಿನ ವಾರ ಮುಗಿಯುವ ಆರು ತಿಂಗಳು. ಕಿಶೋರ್ ನಗುವಿನಲ್ಲಿ ಕಾಫಿ ನೆತ್ತಿಗೇರಿ ಕೆಮ್ಮಿದ.

"ಬಿಸಲಿಗೆ ಬಾಡತಾವಂತ! ಸರ, ನಮ್ಮ ಮನ್ಯಾಗ ಎರಡು ಅದಾವ್ರಿ. ಬಾಡಿದ್ದು ನಾ ಕಂಡಿಲ್ಲ."

"ನಗ್ಬೇಡಿ ಕಿಶೋರ್. ಮನೆ ಹೋದ್ರೆ ಮತ್ತೆ ಹಾಸ್ಟೆಲ್. ಇವ್ರು ಸಾರಿಗೆ ಒಗ್ಗರಣೆ ಹಾಕ್ತಾರೆ, ಫೈರ್ ಇಂಜಿನ್ ಬರತ್ತೆ," ಎಂದಳು ಶ್ರೀವಿದ್ಯಾ.

ಕಿಶೋರ್ ಒಳ್ಳೆಯ ಹುಡುಗ. ಎರಡು ದಿನ ಕೂತು ಪಾಠ ಮಾಡಿದ. ಮುಧೋಳದ ನಾಯಿ ಮೊಲವನ್ನು ಕಣ್ಣಿನಿಂದಲೇ ಹಿಡಿದು ಓಡುವುದು, ಒಮ್ಮೆ ಬಿಟ್ಟರೆ ಬಯಲು ಮುಗಿದರೂ ನಿಲ್ಲದಿರುವುದು, ಪರಕೀಯರು ಮೈ ಮುಟ್ಟಿದರೆ ಸೇರದಿರುವುದು, ಎಲ್ಲ ಹೇಳಿದ. ಶ್ರೀವಿದ್ಯಾ ಲ್ಯಾಪ್‌ಟಾಪಿನಲ್ಲಿ ಮೋಮೋ ಜಾತಿಯ ಚರಿತ್ರೆ ಹುಡುಕಿದಳು. ಅದು ಬೇರೆಯೇ. ಮಾಲ್ಟಾ ಎಂಬ ಸಮುದ್ರದ ನಡುವಿನ ದ್ವೀಪದ್ದು. ಅಲ್ಲಿಯವರು ಅದನ್ನು ಕರೆಯುವುದೇ ಮೊಲದ ನಾಯಿ ಎಂದು. ಕಲ್ಲುಗೋಡೆಯ ಸಂದಿಯಲ್ಲಿ ಮೊಲ ಅಡಗಿದರೆ ನಾಯಿ ನಿಂತು ಬೊಗಳುತ್ತದೆ. ಮುಂಗುಸಿಯಂಥ ಇನ್ನೊಂದು ಪ್ರಾಣಿಯ ಕೊರಳಿಗೆ ಗೆಜ್ಜೆ ಕಟ್ಟಿ ಸಂದಿಯೊಳಗೆ ಬಿಡುತ್ತಾರೆ. ಮೊಲ ಹೊರಗೆ ಹಾರುತ್ತದೆ.

"ಇಲ್ನೋಡಿ," ಎಂದಳು. "ಈಜಿಪ್ಟಿನ ಗೋರಿಗಳಲ್ಲಿ ಇಂಥ ಕಿವಿ ಇರೋ ನಾಯಿ ಚಿತ್ರ ಇದೆಯಂತೆ. ಅದನ್ನ ನೋಡಿ ಈ ಹೆಸರಿಟ್ರಂತೆ. ಆದ್ರೆ ಈಗ ರಕ್ತ ಪರೀಕ್ಷೆ ಮಾಡಿ ನೋಡಿದವ್ರು, ಅಷ್ಟು ಹಳೇ ಸಂಬಂಧ ಏನೂ ಕಾಣಲ್ಲ ಅಂತಾರೆ."

ಹರಿಹರ ಪರದೆಯ ಕಡೆ ಬಗ್ಗಿದ. "ಅಂದ್ರೆ ನನ್ ಹಾಗೆ ಅದಕ್ಕೂ ಇಲ್ಲದ ಅಜ್ಜ," ಎಂದ. ಆಮೇಲೆ, "ವಿದ್ಯಾ, ನಾನು ಭಾನುವಾರ ನಿಜ ಹೇಳ್ಬಿಡ್ತೀನಿ. ನಾಯಿ ಹಿಡ್ಕೊಂಡು ಹೊಲಕ್ಕೆ ಹೋಗೋದಕ್ಕಿಂತ ಮನೆ ಬಿಡೋದು ವಾಸಿ," ಎಂದ.

ಭಾನುವಾರ ಭವನದಲ್ಲಿ ಮೂವತ್ತು ಮಂದಿ ಹಿರಿಯರು ಮಂಡಿಯೂರಿ ಕೂತಿದ್ದರು. ಹಲಗೆಯ ಮೇಲೆ ಹರಿಹರನ ಹೆಸರು. ಮುಂದಿನ ಸಾಲಿನಲ್ಲಿ ಕಿತಾಮುರಾ ಸಾನ್, ಪಕ್ಕದಲ್ಲಿ ಸ್ವೆಟರ್ ಇಲ್ಲದ ಮೋಮೋ. ಯಾಮಾಗಿಶಿ ಸಾನ್ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದರು. ಮೋಮೋ ಸೆನ್ಸೇಯನ್ನು ಕಂಡು ಗುಲಾಬಿಯಾಯಿತು. ಸಭೆ "ಓ" ಎಂದಿತು.

ಹರಿಹರ ಕನ್ನಡದಲ್ಲಿ ಶುರುಮಾಡಿದ. ಕಿಶೋರ್ ಒಂದೊಂದೇ ಮಾತನ್ನು ಜಪಾನಿಗೆ ಇಳಿಸುತ್ತ ಹೋದ.

"ನನಗೆ ನಾಯಿಗಳ ಬಗ್ಗೆ ಏನೂ ಗೊತ್ತಿಲ್ಲ."

ಸಭೆಯಲ್ಲಿ ಮೆಚ್ಚುಗೆಯ ತಲೆದೂಗು.

"ತಮಾಷೆಗಲ್ಲ. ನಿಜವಾಗಿಯೂ ಏನೂ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗೆ ಬೇಕಾದರೂ ನನಗಿಂತ ಹೆಚ್ಚು ಗೊತ್ತು."

ಇಬ್ಬರು ಮುದುಕರು ಬಗ್ಗಿ ನಮಸ್ಕರಿಸಿದರು.

"ನನ್ನ ಅಜ್ಜನ ಮನೆಯಲ್ಲಿ ಹನ್ನೆರಡು ನಾಯಿ ಇರಲಿಲ್ಲ. ಒಂದೂ ಇರಲಿಲ್ಲ. ಅವರು ಕಾಗದ ಹಂಚುತ್ತಿದ್ದರು. ಅವರನ್ನು ನಾಯಿ ಕಚ್ಚಿತು. ನನ್ನನ್ನೂ ಕಚ್ಚಿತು. ನಾಯಿ ಕಂಡರೆ ನನಗೆ ಭಯ."

ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕರವಸ್ತ್ರ ತೆಗೆದರು. ಯಾಮಾಗಿಶಿ ಸಾನ್ ಬರೆಯುವುದನ್ನು ನಿಲ್ಲಿಸಿ, ಪಕ್ಕದವರ ಕಡೆ ಬಾಗಿ ಏನೋ ಪಿಸುಗುಟ್ಟಿದರು.

ಹರಿಹರ ಗಾಬರಿಯಿಂದ ಕಿಶೋರನ ಕಡೆ ತಿರುಗಿದ. "ಏನ್ರೀ ಹೇಳ್ತಿದೀರಾ ನೀವು?"

"ಇದ್ದದ್ದು ಇದ್ದಂಗ ಹೇಳಾಕತ್ತೀನ್ರಿ ಸರ, ದೇವರಾಣಿ. ಆದ್ರ ಇಲ್ಲಿ ದೊಡ್ಡ ದೊಡ್ಡ ವಿದ್ವಾಂಸ್ರೆಲ್ಲಾ ಮಾತು ಸುರು ಮಾಡೂದಾ ಹಿಂಗ. ನಮ್ಮ ಪ್ರೊಫೆಸರ ನಲವತ್ತು ವರ್ಷ ಓದಿ, ‘ನನಗ ಏನೂ ತಿಳಿಯೂದಿಲ್ಲ’ ಅಂತಾನಾ ಕ್ಲಾಸಿಗೆ ಬರ್ತಾರ. ಅಧ್ಯಕ್ಷರು ಏನಂದ್ರು ಗೊತ್ತೇನ್ರಿ? ಇಂಥಾ ವಿನಯ ಈಗಿನ ಜಪಾನಿನ್ಯಾಗೂ ಸಿಗಂಗಿಲ್ಲ ಅಂದ್ರು."

ನಿಜವನ್ನು ಇಷ್ಟು ಗಟ್ಟಿಯಾಗಿ ಹೇಳಿಯೂ ಸುಳ್ಳು ಅಲುಗದೆ ಇರುವುದು ಅಪರೂಪ. ಹರಿಹರ ಸೋತು, ಉಳಿದದ್ದನ್ನಾದರೂ ಸರಿಯಾಗಿ ಹೇಳೋಣವೆಂದು ಮಾಲ್ಟಾ ದ್ವೀಪದ ಕಥೆ ಹೇಳಿದ. ಕಲ್ಲುಗೋಡೆ, ಗೆಜ್ಜೆ, ಮೊಲ. ಗೋರಿಯ ಚಿತ್ರದ ತನಕ ಬಂದು ತಡವರಿಸಿದ. ಎದುರಿಗೆ ಕಿತಾಮುರಾ ಸಾನ್ ಕಣ್ಣರಳಿಸಿ ಕೂತಿದ್ದರು. ಅರಸರ ನಾಯಿ ಎಂದು ಗಂಡ ಎರಡು ವರ್ಷ ಕಾದು ತರಿಸಿದ್ದು.

"ಆ ಹಳೆಯ ಅರಸರಿಗೂ ಈ ನಾಯಿಗೂ ಸಂಬಂಧ ಇದೆಯೋ ಇಲ್ಲವೋ... ರಕ್ತ ನೋಡಿದವರು ಇಲ್ಲ ಅನ್ನುತ್ತಾರೆ," ಎಂದು ಮೆಲ್ಲಗೆ ಹೇಳಿ ತಲೆ ತಗ್ಗಿಸಿದ.

ಕಿತಾಮುರಾ ಸಾನ್ ಎದ್ದು ನಿಂತರು. "ನಮ್ಮ ಯಜಮಾನರಿಗೂ ಗೊತ್ತಿತ್ತು. ಪತ್ರಿಕೆಯಲ್ಲಿ ಓದಿದ್ದರು. ಓದಿ ಆ ಹಾಳೆಯನ್ನು ಮಡಿಸಿ ಮೋಮೋ ಮಲಗುವ ಕಡೆ ಹಾಸಿದರು. ಆಮೇಲೂ ಎಲ್ಲರಿಗೂ ಅರಸರ ನಾಯಿ ಎಂದೇ ಹೇಳುತ್ತಿದ್ದರು," ಎಂದು ನಕ್ಕು ಕೂತರು. ಮೂವತ್ತು ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಹೊಲ.

ಹಿರಿಯರ ಕೂಟದವರು ನಾಲ್ಕು ವಾರ ಬಗ್ಗಿ ನೆಟ್ಟ ಹೊಲ. ಹಗ್ಗ ಹಿಡಿದು ಎಳೆದ ಸಾಲು, ಗೇಣುದ್ದದ ಹಸಿರು. ಎಲ್ಲರೂ ಬದುವಿನ ಮೇಲೆ ಸಾಲಾಗಿ ನಿಂತರು. ಕಿತಾಮುರಾ ಸಾನ್ ಸರಪಳಿಯ ತುದಿಯನ್ನು ಎರಡೂ ಕೈಯಲ್ಲಿ, ತಾಂಬೂಲ ಕೊಡುವ ಹಾಗೆ, ಹರಿಹರನಿಗೆ ಕೊಟ್ಟರು. "ಬಿಡಬೇಡಿ, ಸೆನ್ಸೇ. ಸುಮ್ಮನೆ ಒಂದು ಸುತ್ತು ಬನ್ನಿ. ಇವಳ ವಾಸನೆ ಬಿದ್ದರೆ ಸಾಕು."

ಆ ಮಾತು ಹೇಳಬೇಕಾಗಿಯೇ ಇರಲಿಲ್ಲ. ಸರಪಳಿ ಕೈಗೆ ಬಂದ ಕ್ಷಣವೇ ಹರಿಹರ ಕಲ್ಲಾದ. ಮುಷ್ಟಿ ಬಿಗಿಯಿತು. ಮೋಮೋ ಅವನ ಪಾದದ ಮೇಲೆ ಕೂತಿತು. ಐದು ನಿಮಿಷ ಕಳೆಯಿತು.

"ಕಾಯುತ್ತಿದ್ದಾರೆ," ಎಂದರು ಒಬ್ಬರು ಪಿಸುಮಾತಿನಲ್ಲಿ.

"ಗಾಳಿಯ ದಿಕ್ಕು ನೋಡುತ್ತಿದ್ದಾರೆ," ಎಂದರು ಇನ್ನೊಬ್ಬರು.

"ರೀ, ಬಿಟ್ಬಿಡಿ ಅದನ್ನ," ಎಂದಳು ಶ್ರೀವಿದ್ಯಾ ಹಲ್ಲು ಕಚ್ಚಿಕೊಂಡು.

ಮೂರನೇ ಸಾಲಿನಲ್ಲಿ ಎರಡು ಕಿವಿ ಎದ್ದವು.

ಮುಂದಿನದನ್ನು ಕಂಡವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಮೋಮೋ ಮಾತ್ರ ಎಲ್ಲರಿಗಿಂತ ಮೊದಲು ಹೊರಟಿತು. ಹೆದರಿದ ಮುಷ್ಟಿ ಬಿಚ್ಚಲಿಲ್ಲವಾದ್ದರಿಂದ ಹರಿಹರನೂ ಹೊರಟ. ಮೊದಲ ಹತ್ತು ಹೆಜ್ಜೆ ಕಾಲಿನ ಮೇಲೆ, ಮುಂದಿನದು ಮಂಡಿಯ ಮೇಲೆ, ಉಳಿದದ್ದು ಹೊಟ್ಟೆಯ ಮೇಲೆ. ಮೊಲ ಎಡಕ್ಕೆ ತಿರುಗಿತು, ನಾಯಿ ಎಡಕ್ಕೆ ತಿರುಗಿತು, ಹರಿಹರ ಸ್ವಲ್ಪ ತಡವಾಗಿ ಎಡಕ್ಕೆ ತಿರುಗಿದ. ಮೊಲ ಕಾಡು ಸೇರಿತು. ಹರಿಹರ ಹೊಲದ ಕೊನೆಯ ನೀರುಕಾಲುವೆ ಸೇರಿದ. ಮೋಮೋ ಹಿಂತಿರುಗಿ ಬಂದು, ಅವನ ಮುಖದ ಮೇಲೆ ನಿಂತು ನೆಕ್ಕುತ್ತ, ಪೂರ್ತಿ ಗುಲಾಬಿಯಾಯಿತು.

ಹೊಲದ ನಡುವೆ ಒಬ್ಬ ಮನುಷ್ಯನ ಅಗಲದ ಒಂದು ದಾರಿ ಆಗಿತ್ತು. ಮೊಲಗಳು ಒಂದು ವರ್ಷ ಶ್ರಮಪಟ್ಟಿದ್ದರೂ ಅಷ್ಟು ಗಿಡ ಹಾಳುಮಾಡುತ್ತಿರಲಿಲ್ಲ. ಬದುವಿನ ಮೇಲಿಂದ ಒಬ್ಬ ಮುದುಕರು, "ಸಾಲು ನೇರವಾಗಿದೆ," ಎಂದರು. ಅದೂ ಮರ್ಯಾದೆಗೆ. ಯಾಮಾಗಿಶಿ ಸಾನ್ ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡರು. ಅವರು ಏನೂ ಬರೆಯದೆ ಪುಸ್ತಕ ಮುಚ್ಚಿದ್ದನ್ನು ಹರಿಹರ ಅಂದೇ ಮೊದಲು ಕಂಡದ್ದು.

ಸೋಮವಾರವಿಡೀ ಶ್ರೀವಿದ್ಯಾ ರಜೆ ಹಾಕಿ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಿದಳು. ಹರಿಹರ ಮಂಡಿಗೆ ಅರಿಶಿನ ಮೆತ್ತಿಕೊಂಡು ಒಗ್ಗರಣೆ ಸೌಟನ್ನು ಕಾಗದದಲ್ಲಿ ಸುತ್ತುತ್ತ ಕೂತಿದ್ದ.

"ಬೈದ್ಬಿಡು ವಿದ್ಯಾ," ಎಂದ.

"ಬೈಯಕ್ಕೂ ಮನಸ್ಸು ಬರ್ತಿಲ್ಲ. ಹೊಟ್ಟೆ ಮೇಲೆ ಅಷ್ಟ್ ದೂರ ಹೋದ್ರಲ್ಲ ರೀ, ಒಂದ್ ಕೈ ಬಿಟ್ಟಿದ್ರೆ ಆಗ್ತಿತ್ತು."

"ಬಿಡೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ಐದು ಗಂಟೆಗೆ ಯಾಮಾಗಿಶಿ ಸಾನ್ ಬಂದರು. ಕೈಯಲ್ಲಿ ಒಂದು ಲಕೋಟೆ. ಹರಿಹರ ಹೊಸ್ತಿಲಲ್ಲೇ ಹಣೆ ನೆಲಕ್ಕೆ ಮುಟ್ಟಿಸಿ, ಕಲಿತಿದ್ದ ಕ್ಷಮೆಯ ಮಾತುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಈಗ ಅವನಿಗೆ ನಲವತ್ತಕ್ಕಿಂತ ಹೆಚ್ಚು ಮಾತು ಬರುತ್ತಿದ್ದವು, ಆದ್ದರಿಂದ ಸ್ವಲ್ಪ ಹೊತ್ತು ಹಿಡಿಯಿತು. ಭಯ, ಸುಳ್ಳು, ಅಜ್ಜ, ಕಿವಿ, ಎಲ್ಲ ದುಭಾಷಿಯಿಲ್ಲದೆ ಮತ್ತೊಮ್ಮೆ ಹೇಳಿದ.

"ಗೊತ್ತಾಯಿತು," ಎಂದರು ಯಾಮಾಗಿಶಿ ಸಾನ್. "ನಿನ್ನೆ ಕಾಲುವೆಯಿಂದ ಎತ್ತುವಾಗ ನಿಮ್ಮ ಮುಖ ನೋಡಿದೆ. ಅದು ಪಂಡಿತರ ಮುಖ ಅಲ್ಲ."

ಶ್ರೀವಿದ್ಯಾ ಕಣ್ಣು ಮುಚ್ಚಿಕೊಂಡಳು.

ಅವರು ಲಕೋಟೆಯಿಂದ ಕಾಗದ ತೆಗೆದರು. ಸಂಘದ ಅಭಿಪ್ರಾಯ: ಆಗಬಹುದು. ಕೆಳಗೆ ಇಪ್ಪತ್ತೊಂದು ಮನೆಯ ಕೆಂಪು ಮುದ್ರೆ.

ಗಂಡಹೆಂಡಿರಿಬ್ಬರೂ ಕಾಗದವನ್ನು ನೋಡಿದರು, ಅವರನ್ನು ನೋಡಿದರು.

"ಹೊಲ ಮತ್ತೆ ನೆಡಬಹುದು," ಎಂದು ಯಾಮಾಗಿಶಿ ಸಾನ್ ಕೆಮ್ಮಿ, ದನಿ ತಗ್ಗಿಸಿದರು. "ನೋಡಿ, ಈ ಮಾತು ಇಲ್ಲೇ ಇರಲಿ. ಕಿತಾಮುರಾ ಸಾನ್ ಮಾತಾಡಲು ಶುರುಮಾಡಿದರೆ ಅರ್ಧ ಗಂಟೆ. ಯಜಮಾನರು ಹೋದಂದಿನಿಂದ ಹಾಗೆ. ಏಳೂವರೆಗೆ ಅವರು ನಾಯಿ ಹಿಡಿದು ಹೊರಡುತ್ತಾರೆ ಎಂದು ಗೊತ್ತು. ಆದ್ದರಿಂದ ಈ ಕೇರಿಯವರೆಲ್ಲ ಆರಕ್ಕೆ ಮೊದಲೇ ಕಸ ಹಾಕಿ ಬಾಗಿಲು ಹಾಕಿಕೊಳ್ಳುತ್ತೇವೆ. ನಾನೂ. ಮೂರು ವರ್ಷವಾಯಿತು. ನೀವೊಬ್ಬರೇ ನಿಂತು ಕೇಳಿದ್ದು. ಹಿಮದಲ್ಲಿ, ಮಳೆಯಲ್ಲಿ, ಅಲುಗಾಡದೆ. ನಿಮ್ಮ ಬಗ್ಗೆ ತೀರ್ಮಾನಿಸಲು ಸೇರಿದ ಸಂಘದ ಸಭೆಯಲ್ಲಿ ಯಾರೂ ನಾಯಿಯ ಮಾತೇ ಎತ್ತಲಿಲ್ಲ."

"ಅದು... ನಾನು ಹೆದರಿ ನಿಂತದ್ದು," ಎಂದ ಹರಿಹರ.

"ಅದನ್ನು ಕಿತಾಮುರಾ ಸಾನ್ ಅವರಿಗೆ ಯಾಕೆ ಹೇಳುವುದು," ಎಂದರು ಅಧ್ಯಕ್ಷರು. ಬೂಟು ಮೆಟ್ಟಿಕೊಂಡು ಹೊರಟವರು ಗೇಟಿನಲ್ಲಿ ನಿಂತು ತಿರುಗಿದರು. "ಈಗ ನೀವೂ ನಮ್ಮ ಕೇರಿಯವರೇ ಆದಿರಿ. ಇನ್ನು ಮೇಲೆ ಆರಕ್ಕೆ ಮೊದಲು ಬನ್ನಿ."

ಮರುದಿನ ಮಂಗಳವಾರ. ಐದೂಮುಕ್ಕಾಲಿಗೆ ಹರಿಹರ ಚೀಲ ಹಿಡಿದು ಹೊರಟ. ಇಡೀ ಕೇರಿ ಅಲ್ಲಿತ್ತು. ಇಪ್ಪತ್ತು ಮಂದಿ ಸದ್ದಿಲ್ಲದೆ ಚೀಲ ಇಡುತ್ತ, ಒಬ್ಬರಿಗೊಬ್ಬರು ಅವಸರವಾಗಿ ತಲೆಬಾಗುತ್ತ, ಕಳ್ಳರ ಹಾಗೆ ಮನೆಗಳಿಗೆ ಮರಳುತ್ತಿದ್ದರು. ಹರಿಹರನನ್ನು ಕಂಡು ಯಾಮಾಗಿಶಿ ಸಾನ್ ಬಲೆಯನ್ನು ಎತ್ತಿ ಹಿಡಿದರು, ನೀವೇ ಮೊದಲು ಹಾಕಿ ಎಂಬಂತೆ.

ಹತ್ತು ನಿಮಿಷದ ಮೇಲೆ ಅವನು ಮನೆಗೆ ಬಂದಾಗ ಶ್ರೀವಿದ್ಯಾ ಪೆಟ್ಟಿಗೆಯಿಂದ ಪಾತ್ರೆ ತೆಗೆದು ಜೋಡಿಸುತ್ತಿದ್ದಳು. ಗಂಡನ ಕೈಯಲ್ಲಿ ಚೀಲ ಹಾಗೆಯೇ ಇತ್ತು.

"ಯಾಕ್ರೀ, ಕಸ ಹಾಕ್ಲಿಲ್ವಾ?"

"ಏಳೂವರೆಗೆ ಹಾಕ್ತೀನಿ."

"ಈಗ ಮನೆ ನಮ್ದಾಯ್ತಲ್ಲ. ಇನ್ನೂ ಯಾಕೆ ಅಲ್ಲಿ ಹೋಗಿ ನಿಲ್ತೀರಾ? ಹೆದರಿಕೆ ಆಗಲ್ವಾ?"

ಹರಿಹರ ಚೀಲವನ್ನು ಬಾಗಿಲ ಪಕ್ಕಕ್ಕೆ ಇಟ್ಟು, ಗಡಿಯಾರ ನೋಡಿ, ಒಲೆಯ ಮುಂದೆ ಹೋಗಿ ಕಾಫಿಗೆ ನೀರಿಟ್ಟ.

"ಆಗತ್ತೆ," ಎಂದ.